9 ವರ್ಷದಲ್ಲಿ ಬರೀ 380 ಗಂಟೆ ಹಾರಿದ ಸೆಸ್ನಾ 172, ತಗೊಳ್ಳಬಹುದಾ?

ಉದ್ಯಮಬಾಗ್_ಲೇತ್ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗ್‌ನಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ, ಹೈಡ್ರಾಲಿಕ್ ವಾಲ್ವ್ ಬಾಡಿ ಮಾಡುತ್ತೇವೆ. ಎರಡು ವರ್ಷದ ಹಿಂದೆ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಸಿಕ್ಕಿತು. ಮುಧೋಳದಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ, ಕಬ್ಬಿನ ಬೇಸಾಯ, ಅವನಿಗೂ ಲೈಸೆನ್ಸ್ ಇದೆ. ಇಬ್ಬರೂ ಸೇರಿ ಒಂದು ವಿಮಾನ ತಗೊಳ್ಳೋಣ ಅಂತ ವರ್ಷದಿಂದ ಹುಡುಕುತ್ತಿದ್ದೇವೆ.

ಈಗ ಒಂದು ಸೆಸ್ನಾ 172ಎಸ್ ಸಿಕ್ಕಿದೆ. ಸಮುದ್ರದ ಹತ್ತಿರದ ಒಂದು ಊರಿನಲ್ಲಿದೆ. ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿ ಮಾಡಿ ಜೋಡಿಸುವುದು) ಆಗಿ 9 ವರ್ಷ, ಆಮೇಲೆ ಓಡಿದ್ದು 380 ಗಂಟೆ ಮಾತ್ರ. ಕೊನೆಯ 14 ತಿಂಗಳು ಹಾರಿಯೇ ಇಲ್ಲ, ಹೊರಗೆ ಕವರ್ ಹಾಕಿ ನಿಲ್ಲಿಸಿದ್ದಾರೆ. ಆದರೆ ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇವೆ ಅಂತ ಮಾರುವವರು ಹೇಳುತ್ತಾರೆ. ನೋಡಲು ಹೊಸದರ ಹಾಗೇ ಇದೆ, ಪೇಂಟ್ ಮಿರಮಿರ ಅನ್ನುತ್ತದೆ. ಬೆಲೆಯೂ ನಮ್ಮ ಕೈಗೆ ಎಟಕುತ್ತದೆ. ಇನ್ನೂ 1600 ಗಂಟೆ ಎಂಜಿನ್ ಬಾಕಿ ಇದೆ ಅಂತ ಅವರ ಲೆಕ್ಕ.

ಕೇಳಬೇಕಾದ್ದು ಇಷ್ಟು. ಒಂದು, ಇದನ್ನು ತಗೊಳ್ಳಬಹುದಾ? ಎರಡು, ಸಣ್ಣಪುಟ್ಟ ಬೋಲ್ಟು, ಬುಶ್ಶು, ಬ್ರಾಕೆಟ್ಟು ನಾನೇ ನನ್ನ ಶಾಪಿನಲ್ಲಿ ಮಾಡಿಕೊಳ್ಳಬಹುದಾ? ಹತ್ತು ಮೈಕ್ರಾನ್ ಒಳಗೆ ಕೆಲಸ ಮಾಡುವವರು ನಾವು, ಆ ಧೈರ್ಯದಿಂದಲೇ ಕೇಳುತ್ತಿದ್ದೇನೆ.

---

ಸಾಂಬ್ರಾ_ಎಎಂಇ

ತಮ್ಮಾ, ವಾಯುಪಡೆಗೆ ಸೇರಿದಾಗ ಬೆಳಗಾವಿಯ ಸಾಂಬ್ರಾದಲ್ಲೇ ತರಬೇತಿ ಮಾಡಿದವನು ನಾನು. ನಿವೃತ್ತಿಯಾದ ಮೇಲೆ ಪಿಸ್ಟನ್ ವಿಮಾನದ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಲೈಸೆನ್ಸ್ ಮೇಲೆ ಕೆಲಸ ಮಾಡುತ್ತಿದ್ದೇನೆ. ನೇರವಾಗಿ ಹೇಳುತ್ತೇನೆ. ನಿಮಗೆ ಖುಷಿ ಕೊಟ್ಟ ಆ 380 ಗಂಟೆಯೇ ನನಗೆ ಭಯ ಹುಟ್ಟಿಸಿದ್ದು. ಇದೇ ಎಂಜಿನ್ 9 ವರ್ಷದಲ್ಲಿ 1400 ಗಂಟೆ ಓಡಿದ್ದರೆ ನಾನು ಇಷ್ಟು ಯೋಚನೆ ಮಾಡುತ್ತಿರಲಿಲ್ಲ.

ಯಾಕೆ ಅಂತ ನೀವು ಬೇಗ ಹಿಡಿಯುತ್ತೀರಿ, ಲೋಹದ ಕೆಲಸದವರು ಅಲ್ವಾ. 172ಎಸ್‌ನಲ್ಲಿರುವುದು ಲೈಕಮಿಂಗ್ ಕಂಪನಿಯ ಐಒ-360-ಎಲ್2ಎ ಎಂಜಿನ್, 180 ಹಾರ್ಸ್‌ಪವರ್. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ದಂಡ) ಇರುವುದು ಕ್ರ್ಯಾಂಕ್‌ಶಾಫ್ಟ್‌ನ (ಪ್ರೊಪೆಲರ್ ತಿರುಗಿಸುವ ದಂಡದ) ಮೇಲೆ. ಎಂಜಿನ್ ಓಡುವಾಗ ಚಿಮ್ಮುವ ಎಣ್ಣೆಯೇ ಕ್ಯಾಮ್‌ನ ಲೋಬ್‌ಗಳಿಗೆ (ಉಬ್ಬುಗಳಿಗೆ) ಆಧಾರ. ನಿಲ್ಲಿಸಿದ ಮೇಲೆ ಎಣ್ಣೆ ನಿಧಾನಕ್ಕೆ ಕೆಳಗೆ ಇಳಿದು ಹೋಗುತ್ತದೆ. ಕೆಲವು ವಾರ ಕಳೆದರೆ ಲೋಬ್ ಒಣಗಿ ನಿಲ್ಲುತ್ತದೆ, ಅದರ ಮೇಲೆ ಸಮುದ್ರದ ಗಾಳಿ. ತುಕ್ಕು ಹಿಡಿಯದೆ ಇನ್ನೇನು? ಗಟ್ಟಿ ಮಾಡಿದ ಪದರ ತೆಳ್ಳಗಿರುತ್ತದೆ ಅಂತ ನಿಮಗೆ ಗೊತ್ತು. ಅಲ್ಲಿ ಸಣ್ಣ ಗುಳಿ ಬಿದ್ದರೆ ಸಾಕು, ಆ ಲೋಬ್ ತಳ್ಳುವ ಟ್ಯಾಪೆಟ್‌ನ ಮುಖ ಚಕ್ಕೆ ಚಕ್ಕೆಯಾಗಿ ಏಳಲು ಶುರುವಾಗುತ್ತದೆ. ಆ ಚಕ್ಕೆಯೆಲ್ಲ ಎಣ್ಣೆಗೆ ಸೇರುತ್ತದೆ.

ಇನ್ನು ಆ ಹತ್ತು ನಿಮಿಷದ ಸ್ಟಾರ್ಟ್. ಒಳ್ಳೆಯದಾಗಲಿ ಅಂತ ಮಾಡಿರಬಹುದು, ಆದರೆ ಆಗಿದ್ದು ಕೆಡುಕು. ಪೆಟ್ರೋಲ್ ಉರಿದಾಗ ನೀರಿನ ಆವಿ ಬರುತ್ತದೆ, ಸ್ವಲ್ಪ ಆವಿ ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್‌ಕೇಸ್ ಒಳಗೆ ಹೋಗುತ್ತದೆ. ಹಾರಾಟದಲ್ಲಿ ಎಣ್ಣೆ ಚೆನ್ನಾಗಿ ಕಾದು ಆ ನೀರು ಹೊರಗೆ ಹೋಗುತ್ತದೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಎಣ್ಣೆ ಅಷ್ಟು ಕಾಯುವುದಿಲ್ಲ, ನೀರು ಒಳಗೇ ಉಳಿಯುತ್ತದೆ. 30 ದಿನಕ್ಕೆ ಒಮ್ಮೆಯಾದರೂ ಹಾರಿಸಿ, ಎಣ್ಣೆ 74ರಿಂದ 93 ಡಿಗ್ರಿಯಲ್ಲಿ ಒಂದು ಗಂಟೆ ಇರಲಿ ಅಂತ ಲೈಕಮಿಂಗ್ ಹೇಳುವುದು ಇದಕ್ಕೇ.

1600 ಗಂಟೆ ಬಾಕಿ ಅನ್ನುವ ಲೆಕ್ಕವೂ ಅರ್ಧವೇ. ಓವರ್‌ಹಾಲ್‌ಗೆ ಕಂಪನಿ ಹೇಳುವುದು 2000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ನಿಮ್ಮ ಕೈಯಲ್ಲಿ ಉಳಿದಿರುವುದು 3 ವರ್ಷ.

ಒಂದು ಕೆಲಸ ಮಾಡಿ. ದುಡ್ಡು ಕೊಡುವ ಮೊದಲು ಆಯಿಲ್ ಫಿಲ್ಟರ್ ಬಿಚ್ಚಿಸಿ, ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿನಲ್ಲಿ ಹಿಡಿದು ನೋಡಿ. ಮಿನುಗುವ ಚೂರು ಇದ್ದರೆ ಅಯಸ್ಕಾಂತಕ್ಕೆ ಅಂಟುತ್ತದಾ ನೋಡಿ. ಆಮೇಲೆ ಒಂದು ಸಿಲಿಂಡರ್ ತೆಗೆಸಿ ಕ್ಯಾಮ್ ನೋಡಲೇಬೇಕು. ಖರ್ಚು ನಿಮ್ಮದೇ ಆದರೂ ಪರವಾಗಿಲ್ಲ. ಬರೀ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಗಾಳಿ ಹಿಡಿದಿಡುತ್ತದಾ ಅಂತ ನೋಡುವುದು) ನಂಬಬೇಡಿ. 80ಕ್ಕೆ 76 ಬಂದರೂ ಅದು ಹೇಳುವುದು ರಿಂಗು, ವಾಲ್ವುಗಳ ಕಥೆ, ಕ್ಯಾಮ್‌ನ ಕಥೆ ಅಲ್ಲ.

ಬೋಲ್ಟಿನ ವಿಷಯ. ನಿಮ್ಮ ಕೈಗುಣದ ಬಗ್ಗೆ ನನಗೆ ಅನುಮಾನ ಇಲ್ಲ, ಉದ್ಯಮಬಾಗ್‌ನ ಕೆಲಸ ನೋಡಿದ್ದೇನೆ. ಆದರೆ ವಿಮಾನದ ಬೋಲ್ಟಿಗೆ ಅಳತೆ ಒಂದೇ ಅಲ್ಲ, ಜಾತಕವೂ ಬೇಕು. ಯಾವ ಹೀಟ್‌ನ (ಒಂದೇ ಸಲ ಕರಗಿಸಿದ ಬ್ಯಾಚಿನ) ಉಕ್ಕು, ಯಾವ ಹದ, ಯಾರು ಪರೀಕ್ಷೆ ಮಾಡಿದರು ಅಂತ ರಿಲೀಸ್ ಸರ್ಟಿಫಿಕೇಟ್ ಜೊತೆಗೆ ಬರಬೇಕು. ಅದಿಲ್ಲದ ಬೋಲ್ಟು ಹಾಕಿದ್ದರೆ ನಾನು ಸಹಿ ಮಾಡುವುದಿಲ್ಲ, ಯಾವ ಎಎಂಇಯೂ ಮಾಡಬಾರದು. ನಿಮ್ಮ ಲೇತಿಗೆ ಬೇರೆ ಕೆಲಸ ಇದೆ: ವಿಮಾನ ಎಳೆಯುವ ಟೋ ಬಾರ್, ಜ್ಯಾಕ್ ಸ್ಟ್ಯಾಂಡ್, ರೆಕ್ಕೆ ಕಟ್ಟಿಹಾಕುವ ನೆಲದ ಕೊಂಡಿ. ಅವನ್ನು ಚೆನ್ನಾಗಿ ಮಾಡಿಕೊಳ್ಳಿ.

---

ಅರ್ಧ_ಪಾಲುದಾರ (ವಿಜಯಪುರ)

ಎಎಂಇ ಸರ್ ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಅನುಭವಿಸಿದ್ದೇನೆ. ನಾವು ಮೂವರು ಸೇರಿ ಒಂದು ಹಳೆ ವಿಮಾನ ಇಟ್ಟುಕೊಂಡಿದ್ದೆವು, ನಾಲ್ಕು ವರ್ಷ. ಬೇರೆ ರಾಜ್ಯದಲ್ಲಿ ನಿಲ್ಲಿಸಿದ್ದೆವು, ವಿಜಯಪುರದಿಂದ ಅಲ್ಲಿಗೆ ಹೋಗುವುದಕ್ಕೇ ಅರ್ಧ ದಿನ ಬೇಕು. ಮೊದಲ ವರ್ಷ ತಿಂಗಳಿಗೆ ಎರಡು ಸಲ ಹೋದೆವು. ಎರಡನೇ ವರ್ಷ ಒಬ್ಬನ ಮಗಳ ಮದುವೆ, ಇನ್ನೊಬ್ಬನಿಗೆ ದ್ರಾಕ್ಷಿ ತೋಟದ ಗಡಿಬಿಡಿ, ಮಳೆಗಾಲ ಬೇರೆ. ಮೂರು ತಿಂಗಳು ಯಾರೂ ಹೋಗಲಿಲ್ಲ.

ಹೋದ ದಿನ ನೆನಪಿದೆ. ಪಿಟಾಟ್ ಟ್ಯೂಬ್ (ವೇಗ ಅಳೆಯಲು ಗಾಳಿ ಹಿಡಿಯುವ ಕೊಳವೆ) ಕವರ್ ಹರಿದಿತ್ತು. ರನ್‌ವೇ ಮೇಲೆ ಓಡುವಾಗ ಸ್ಪೀಡ್ ಮುಳ್ಳು ಏಳಲೇ ಇಲ್ಲ. ನನ್ನ ಜೊತೆಗಿದ್ದ ಹಿರಿಯರು ತಕ್ಷಣ ಥ್ರಾಟಲ್ ಎಳೆದು ನಿಲ್ಲಿಸಿದರು. ಬಿಚ್ಚಿ ನೋಡಿದರೆ ಒಳಗೆ ಕಣಜ ಮಣ್ಣು ತುಂಬಿ ಗೂಡು ಕಟ್ಟಿದೆ. ಕಡ್ಡಿಯ ತುದಿಯಷ್ಟು ಮಣ್ಣು, ಅಷ್ಟೇ. ಅವತ್ತಿನಿಂದ ಕವರ್ ನೋಡದೆ ನಾನು ವಿಮಾನದ ಬಾಗಿಲು ಮುಟ್ಟುವುದಿಲ್ಲ.

ಖರ್ಚಿನ ಬಗ್ಗೆ ಜನ ಇಂಧನ ಲೆಕ್ಕ ಹಾಕುತ್ತಾರೆ. 172ಎಸ್ ಗಂಟೆಗೆ 35ರಿಂದ 38 ಲೀಟರ್ ಕುಡಿಯುತ್ತದೆ, ಅದು ಲೆಕ್ಕಕ್ಕೆ ಸಿಗುವ ಖರ್ಚು. ಹಾರಲಿ ಬಿಡಲಿ ಬರುವ ಖರ್ಚೇ ಜಾಸ್ತಿ: ಪಾರ್ಕಿಂಗ್, ವಿಮೆ, ವರ್ಷದ ಇನ್‌ಸ್ಪೆಕ್ಷನ್, ಎಆರ್‌ಸಿ (ಹಾರಾಟ ಯೋಗ್ಯತೆಯ ಪರಿಶೀಲನಾ ಪ್ರಮಾಣಪತ್ರ) ನವೀಕರಣ. ವರ್ಷಕ್ಕೆ 20 ಗಂಟೆ ಹಾರಿದರೂ 150 ಗಂಟೆ ಹಾರಿದರೂ ಇವು ಬಿಡುವುದಿಲ್ಲ. ಹೊಸದು ಹೊರದೇಶದಿಂದ ತರಿಸುವ ಮಾತಂತೂ ಬಿಡಿ, 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ ಶೇ. 40.

ಹಾಗಾಗಿ ಯಾವ ವಿಮಾನ ಅನ್ನುವುದಕ್ಕಿಂತ ಮೊದಲು ಇದನ್ನು ಕೂತು ಮಾತಾಡಿ: ತಿಂಗಳಿಗೆ ಯಾರು ಯಾವಾಗ ಹಾರಿಸುತ್ತಾರೆ? ಬರೆದಿಟ್ಟುಕೊಳ್ಳಿ. ಮೂವರೂ ಇನ್ನೂ ಗೆಳೆಯರೇ, ಆದರೆ ಆ ವಿಮಾನ ಮಾರಿದ ದಿನ ನನಗೆ ಊಟ ಸೇರಲಿಲ್ಲ.

---

ಕಬ್ಬಿನ_ಗೆಳೆಯ (ಮುಧೋಳ)

ಪ್ರಶ್ನೆ ಕೇಳಿದವನ ಪಾಲುದಾರ ನಾನೇ ರೀ. ನನ್ನವೂ ಎರಡು ಇವೆ. ಪಂಪಿನ ಪೆಟ್ರೋಲ್ ಹಾಕಬಹುದಾ? ಸಣ್ಣ ರೋಟ್ಯಾಕ್ಸ್ ಎಂಜಿನ್ ವಿಮಾನಕ್ಕೆ ಹಾಕುತ್ತಾರೆ ಅಂತ ಕೇಳಿದ್ದೇನೆ. ಇನ್ನೊಂದು, ನಮ್ಮ ಹೊಲದಲ್ಲಿ 600 ಮೀಟರ್ ಉದ್ದದ ಸಪಾಟು ಜಾಗ ಇದೆ, ಒಂದು ಪಟ್ಟಿ ಮಾಡಿದರೆ ಇಳಿಯಬಹುದಾ?

---

ಸಾಂಬ್ರಾ_ಎಎಂಇ

ಪೆಟ್ರೋಲ್ ಬೇಡವೇ ಬೇಡ. ಐಒ-360ಗೆ ಬೇಕಾದದ್ದು ಆವ್‌ಗ್ಯಾಸ್ 100ಎಲ್‌ಎಲ್, ಅಂದರೆ ಪಿಸ್ಟನ್ ವಿಮಾನದ ಪೆಟ್ರೋಲ್, ನೀಲಿ ಬಣ್ಣದ್ದು. ಮೊದಲು ಪೂರ್ತಿ ಹೊರದೇಶದಿಂದಲೇ ಬರುತ್ತಿತ್ತು, 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಇಲ್ಲೇ ಮಾಡಿದ್ದನ್ನು ಬಿಡುಗಡೆ ಮಾಡಿತು. ರೋಟ್ಯಾಕ್ಸ್ 912ಕ್ಕೆ ಪಂಪಿನ ಪೆಟ್ರೋಲ್ ಆಗುತ್ತದೆ ನಿಜ, ಆದರೆ ಎಥನಾಲ್ ಶೇ. 10ರವರೆಗೆ ಮಾತ್ರ. ಈಗ ಪಂಪಿನಲ್ಲಿ ಸಿಗುವುದು ಶೇ. 20 ಸೇರಿಸಿದ್ದು. ನಿಮ್ಮ ಕಬ್ಬಿನಿಂದಲೇ ಬಂದ ಎಥನಾಲ್ ಇರಬಹುದು ಅಣ್ಣಾ, ರೈತರಿಗೆ ಒಳ್ಳೆಯದೇ, ಆದರೆ ವಿಮಾನದ ಟ್ಯಾಂಕಿಗೆ ಬೇಡ. ಎಥನಾಲ್ ನೀರು ಹೀರುತ್ತದೆ, ರಬ್ಬರ್ ಸೀಲು ಹಾಳು ಮಾಡುತ್ತದೆ. ನೀರು ಜಾಸ್ತಿಯಾದರೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ.

ಆವ್‌ಗ್ಯಾಸ್ ಹಾಕಿದರೂ ನೀರಿನ ಕಾಟ ತಪ್ಪುವುದಿಲ್ಲ. ಬೆಳಗಾವಿ ಮಳೆಯಲ್ಲಿ ಅರ್ಧ ಟ್ಯಾಂಕ್ ಬಿಟ್ಟು ನಿಲ್ಲಿಸಿದರೆ ಒಳಗಿನ ಗಾಳಿಯ ತೇವವೇ ನೀರಾಗುತ್ತದೆ. 172ಎಸ್‌ನಲ್ಲಿ 13 ಕಡೆ ಸ್ವಲ್ಪ ಇಂಧನ ಹೊರಗೆ ಬಿಟ್ಟು ನೀರಿದೆಯಾ ನೋಡಬೇಕು, ಒಂದೊಂದು ರೆಕ್ಕೆಗೆ ಐದು, ಹೊಟ್ಟೆಯ ಕೆಳಗೆ ಮೂರು. ಬೇಜಾರಾದರೂ ಹದಿಮೂರನ್ನೂ ನೋಡಿ.

---

ಬಿಸಿಲು_ಮತ್ತು_ರೆಕ್ಕೆ

ನಾನು ಇನ್‌ಸ್ಟ್ರಕ್ಟರ್. ಹೊಲದ ಪಟ್ಟಿ ಬಗ್ಗೆ ಮಾತ್ರ ಹೇಳುತ್ತೇನೆ. ಅನುಮತಿ ಬೇಕೇ ಬೇಕು, ಅದು ಇರಲಿ. ಮೊದಲು ಬಿಸಿಲಿನ ಲೆಕ್ಕ ನೋಡಿ. ಮುಧೋಳ ಸಮುದ್ರಮಟ್ಟದಿಂದ ಸುಮಾರು 1800 ಅಡಿ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಅಂದರೆ ಆ ಗಾಳಿ 5000 ಅಡಿ ದಾಟಿದ ಗಾಳಿಯಷ್ಟೇ ತೆಳ್ಳಗೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ಶೇ. 3 ಶಕ್ತಿ ಕಳೆದುಕೊಳ್ಳುತ್ತದೆ. 180ರಲ್ಲಿ ನಿಮಗೆ ಸಿಗುವುದು 150ರ ಆಸುಪಾಸು. ರೆಕ್ಕೆಗೂ ಗಾಳಿ ಕಡಿಮೆ, ಪ್ರೊಪೆಲರ್‌ಗೂ ಕಡಿಮೆ.

172ಎಸ್‌ನ ಪುಸ್ತಕದಲ್ಲಿ ಪೂರ್ತಿ ಭಾರದಲ್ಲಿ 50 ಅಡಿ ಎತ್ತರ ದಾಟಲು 1630 ಅಡಿ ಬೇಕು ಅಂತ ಇದೆ, ಅಂದರೆ ಸುಮಾರು 500 ಮೀಟರ್. ಅದು ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ, ಗಟ್ಟಿ ಒಣ ರನ್‌ವೇ ಮೇಲೆ. ನಿಮ್ಮದು ಎರೆಮಣ್ಣು. ಒಂದು ಮಳೆ ಬಿದ್ದರೆ ಎರಡು ಹೆಜ್ಜೆಗೆ ಚಪ್ಪಲಿ ಒಂದು ಕಿಲೋ ಭಾರ ಆಗುವ ನೆಲ, ಚಕ್ರದ ಗತಿ ಏನು? 600 ಮೀಟರಿನ ಕೊನೆಗೆ ಎತ್ತರದ ಕಬ್ಬು ಬೇರೆ ನಿಂತಿರುತ್ತದೆ. ದಯವಿಟ್ಟು ಬೇಡ. ಸಾಂಬ್ರಾದ ಬೆಳಗಾವಿ ವಿಮಾನ ನಿಲ್ದಾಣದಲ್ಲಿ 2300 ಮೀಟರ್ ರನ್‌ವೇ ಇದೆ, ಅಲ್ಲೇ ಇಳಿದು ಮುಧೋಳಕ್ಕೆ ಕಾರಿನಲ್ಲಿ ಹೋಗಿ.

---

ಉದ್ಯಮಬಾಗ್_ಲೇತ್ (ಬೆಳಗಾವಿ), ಮೂರು ವಾರದ ನಂತರ

ಎಲ್ಲರಿಗೂ ದೊಡ್ಡ ನಮಸ್ಕಾರ. ಹೋಗಿ ನೋಡಿ ಬಂದೆವು. ಸಿಲಿಂಡರ್ ತೆಗೆಯಲು ಮಾರುವವರು ಮೊದಲು ಒಪ್ಪಲಿಲ್ಲ. ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿದಾಗ ಬಿಸಿಲಿಗೆ ನಾಲ್ಕೈದು ಕಡೆ ಮಿನುಗಿತು. ಅಯಸ್ಕಾಂತ ಹಿಡಿದೆ, ಅಂಟಿತು. ಆಮೇಲೆ ಅವರೇ ಸುಮ್ನೆ ಒಪ್ಪಿದರು.

ಎರಡನೇ ಸಿಲಿಂಡರ್ ತೆಗೆದ ಮೇಲೆ ಟಾರ್ಚ್ ಹಾಕಿ ನೋಡಿದೆ. ಒಂದು ಲೋಬ್ ಕನ್ನಡಿ ಹಾಗೆ ಇತ್ತು. ಪಕ್ಕದ್ದರ ತುದಿಯಲ್ಲಿ ಕಂದು ಬಣ್ಣದ ಚುಕ್ಕೆಗಳು, ರಾಗಿ ಕಾಳಿಗಿಂತ ಸಣ್ಣವು. ಉಗುರು ಎಳೆದೆ, ಸಿಕ್ಕಿಕೊಂಡಿತು. ಇಪ್ಪತ್ತೆರಡು ವರ್ಷದಿಂದ ಉಕ್ಕಿನ ಮೇಲೆ ಉಗುರು ಎಳೆಯುತ್ತಿದ್ದೇನೆ, ಅದು ಏನು ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಗ್ರೈಂಡ್ ಮಾಡಿದರೆ ಗಟ್ಟಿ ಪದರವೇ ಹೋಗುತ್ತದೆ. ಎಂಜಿನ್ ಪೂರ್ತಿ ಬಿಚ್ಚಬೇಕು ಅಂತ ಅಲ್ಲಿನ ಎಎಂಇ ಕೂಡ ಹೇಳಿದರು. ಓವರ್‌ಹಾಲ್ ಖರ್ಚು ಬೆಲೆಯಲ್ಲಿ ಕಳೆಯಲು ಅವರು ಸಿದ್ಧ ಇರಲಿಲ್ಲ, ಕೈಬಿಟ್ಟೆವು.

ಬರುವ ದಾರಿಯಲ್ಲಿ ಅನಮೋಡ ಘಾಟಿನಲ್ಲಿ ಚಹಾಕ್ಕೆ ನಿಂತಾಗ ನಾನೂ ಗೆಳೆಯನೂ ಒಂದು ಕಾಗದದ ಮೇಲೆ ಬರೆದೆವು: ತಿಂಗಳ ಮೊದಲ ಭಾನುವಾರ ಅವನು, ಮೂರನೇ ಭಾನುವಾರ ನಾನು, ಮಳೆಗಾಲದಲ್ಲಿ ಮೋಡ ಬಿಟ್ಟ ದಿನ ಯಾರಿಗೆ ಆಗುತ್ತದೋ ಅವರು. ಹೊಲದ ಪಟ್ಟಿಯ ಆಸೆ ಅವನು ಬಿಟ್ಟಿದ್ದಾನೆ.

ಈಗ ಇನ್ನೊಂದು 172 ಮಾತಿಗೆ ಬಂದಿದೆ. ಓವರ್‌ಹಾಲ್ ಆಗಿ 5 ವರ್ಷ, 1150 ಗಂಟೆ, ಪೇಂಟ್ ಅಲ್ಲಲ್ಲಿ ಕಿತ್ತಿದೆ. ಲಾಗ್‌ಬುಕ್ ಫೋಟೋ ಕಳಿಸಿದ್ದಾರೆ, ಒಂದು ತಿಂಗಳೂ ಖಾಲಿ ಇಲ್ಲ, ಪ್ರತಿ 50 ಗಂಟೆಗೆ ಎಣ್ಣೆ ಬದಲಾಯಿಸಿದ ಸಹಿ ಇದೆ. ಎಎಂಇ ಸರ್, ಇದರ ಫಿಲ್ಟರ್ ಕತ್ತರಿಸುವ ದಿನ ನೀವೇ ನಮ್ಮ ಜೊತೆ ಬರ್ತೀರಾ? ಕಾರು ನಾವೇ ತರುತ್ತೇವೆ.