ಗೆಳೆಯರ ಚ್ಯಾಷ್ಟಿಗೆ ತಕ್ಕ ಉತ್ತರ ಕೊಡುವುದು ಹೇಗೆ?

ಪ್ರಶ್ನೆ: ಮೈಸೂರು ಕಡೆಯಿಂದ ಹುಬ್ಬಳ್ಳಿಗೆ ಬಂದು ಒಂದು ವರ್ಷವಾಯಿತು. ಇಲ್ಲಿಯ ಗೆಳೆಯರು ಚಹಾದ ಅಂಗಡಿಯಲ್ಲಿ ಕಾಲೆಳೆದಾಗ ನಾನು ಸುಮ್ಮನೆ ನಗುತ್ತೇನೆ. ಸರಿಯಾದ ಉತ್ತರ ಹೊಳೆಯುವುದು ರಾತ್ರಿ ಹಾಸಿಗೆಯಲ್ಲಿ. ಇದನ್ನು ಕಲಿಯಲು ಸಾಧ್ಯವೇ?

ಉತ್ತರ (ಧಾರವಾಡದಿಂದ): ಸಾಧ್ಯವಿದೆ. ಆರೋಪವನ್ನು ಅಲ್ಲಗಳೆಯಬೇಡಿ, ಒಪ್ಪಿಕೊಂಡು ಇನ್ನಷ್ಟು ಹಿಗ್ಗಿಸಿ. ಒಮ್ಮೆ ನಾನು ತಡವಾಗಿ ಹೋದಾಗ ಗೆಳೆಯನೊಬ್ಬ, "ಯಾಕಲೇ, ಗಡಿಯಾರ ಮಾರಿ ಪೇಡೆ ತಿಂದಿಯೇನು?" ಎಂದ. "ತಿಂದೆ. ನಿನ್ನ ಪಾಲು ತರಾಕಂತ ತಡಾ ಆತು, ದಾರ್ಯಾಗ ಅದನ್ನೂ ತಿಂದೆ" ಎಂದೆ. ಅವನೇ ಎಲ್ಲರಿಗಿಂತ ಹೆಚ್ಚು ನಕ್ಕ. ಅಂದಹಾಗೆ, ಇಲ್ಲಿ 'ಲೇ' ಎನ್ನುವುದು ಸಲಿಗೆಯ ಗುರುತು; ಗೆಳೆಯರು ಇದ್ದಕ್ಕಿದ್ದಂತೆ 'ರೀ' ಎಂದರೆ ಆಗ ಚಿಂತಿಸಿ.

ಉತ್ತರ (ಗದಗದಿಂದ): ನಮ್ಮ ಕಡೆಯ ಜನಪದ ಹಾಡುಗಳಾದ ಗೀಗೀ ಪದಗಳ ಹರದೇಶಿ-ನಾಗೇಶಿ ವಾದವನ್ನು ಕೇಳಿ ನೋಡಿ. ಒಂದು ಮೇಳ ಗಂಡು ಹೆಚ್ಚೆಂದು ಹಾಡಿದರೆ, ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುತ್ತದೆ; ಎದುರಾಳಿಯ ಮಾತಿನಲ್ಲಿಯೇ ಸವಾಲಿಗೆ ಜವಾಬು ಹುಡುಕುವ ಜಾಣ್ಮೆ ಅಲ್ಲಿ ಚೆನ್ನಾಗಿ ಕಾಣುತ್ತದೆ. ಗಮನವಿಟ್ಟು ಕೇಳದವನಿಗೆ ಉತ್ತರ ಹೊಳೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ (ಹಾವೇರಿಯಿಂದ): ತಡವಾಗಿ ಬರುವುದು, ಜಿಪುಣತನ, ಊಟದ ಆಸೆ, ಇವುಗಳ ಬಗ್ಗೆ ಎಷ್ಟು ಬೇಕಾದರೂ ಗೇಲಿ ಮಾಡಬಹುದು. ಮೈಬಣ್ಣ, ಬಡತನ, ಮನೆಯವರ ವಿಷಯ ಬೇಡ. ಅಲ್ಲಿ ನಗು ನಿಂತು ಜಗಳ ಶುರುವಾಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಿನ್ನೆಯಷ್ಟೇ ಒಬ್ಬ ನನ್ನನ್ನು 'ರೀ' ಎಂದಿದ್ದಾನೆ. ನಾನು ಅವನಿಗೆ ಚಹಾದ ಸಾಲ ತೀರಿಸಬೇಕಿತ್ತು.