‘ಕಮ್ಯುನಿಟಿ’ ಧಾರಾವಾಹಿಯಲ್ಲಿರುವಂಥ ಕಾಲೇಜು ನಿಜಕ್ಕೂ ಇರುತ್ತದೆಯೇ?

ರೊಟ್ಟಿಮನೆ, ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ಶರಣು. ಹತ್ತನೆಯ ತರಗತಿಯಲ್ಲಿರುವ ಕಿರಿಯ ಮಗನ ಜೊತೆ ಕುಳಿತು ‘ಕಮ್ಯುನಿಟಿ’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯನ್ನು ನೋಡುತ್ತಿದ್ದೇನೆ. ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುವ ಸಿನಿಮಾ, ಕಾಮಿಕ್ಸ್, ವಿಡಿಯೊ ಗೇಮ್‌ಗಳ ಪ್ರಸ್ತಾಪಗಳನ್ನು ಮಗ ತಾಳ್ಮೆಯಿಂದ ಬಿಡಿಸಿ ಹೇಳುತ್ತಾನೆ. ಆದರೆ ನನ್ನ ಮನಸ್ಸು ನೆಟ್ಟಿರುವುದು ಕಥೆ ನಡೆಯುವ ಗ್ರೀನ್‌ಡೇಲ್ ಎಂಬ ಸಮುದಾಯ ಕಾಲೇಜಿನ (ಕಮ್ಯುನಿಟಿ ಕಾಲೇಜಿನ) ಗ್ರಂಥಾಲಯದ ಮೇಜಿನ ಮೇಲೆ. ಪದವಿ ಸುಳ್ಳೆಂದು ಬಯಲಾಗಿ ವಕೀಲಿ ವೃತ್ತಿಯಿಂದ ಹೊರಬಿದ್ದ ಜೆಫ್, ಗಾಯದಿಂದಾಗಿ ಫುಟ್‌ಬಾಲ್ ವಿದ್ಯಾರ್ಥಿವೇತನ ಕಳೆದುಕೊಂಡ ಟ್ರಾಯ್, ಅರವತ್ತು ದಾಟಿದ ಪಿಯರ್ಸ್, ಗಂಡನಿಂದ ಬೇರೆಯಾಗಿ ಇಬ್ಬರು ಮಕ್ಕಳನ್ನು ಸಾಕುತ್ತ ತನ್ನ ಕೈಯಡುಗೆಯ ಸಿಹಿತಿನಿಸುಗಳನ್ನು ಮಾರುವ ಆಸೆಯಿಂದ ಓದಲು ಬಂದ ಶರ್ಲಿ, ಇವರೆಲ್ಲ ಅದೊಂದೇ ಮೇಜಿನ ಸುತ್ತ ಕುಳಿತು ಸ್ಪ್ಯಾನಿಷ್ ಕಲಿಯುತ್ತಾರೆ.

ನಾನು ಪಿಯುಸಿ ಪಾಸಾದ ವರ್ಷವೇ ಮದುವೆಯಾಗಿ ಓದು ಬಿಟ್ಟವಳು. ಈಗ ಮನೆಯಲ್ಲೇ ನಾಲ್ವರು ಹೆಣ್ಣುಮಕ್ಕಳೊಡನೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಶರ್ಲಿಯ ವಯಸ್ಸಿನ ತಾಯಂದಿರು ಹದಿನೆಂಟರ ಮಕ್ಕಳ ಪಕ್ಕ ಕುಳಿತು ಓದುವುದು ಅಲ್ಲಿ ನಿಜವಾಗಿಯೂ ಉಂಟೇ, ಅಥವಾ ಕಥೆಗಾಗಿ ಹಾಗೆ ಕೂಡಿಸಿದ್ದಾರೆಯೇ? ಬಲ್ಲವರು ತಿಳಿಸಬೇಕು.

ಬೀದರಿನ ಮಗಳು

ಅಕ್ಕಾ, ನಿಜವಾಗಿಯೂ ಉಂಟು. ಯಜಮಾನರ ಕೆಲಸದ ನಿಮಿತ್ತ ಇಲಿನಾಯ್ ರಾಜ್ಯಕ್ಕೆ ಬಂದ ಮೇಲೆ ನಾನು ಇಂಥ ಕಾಲೇಜೊಂದರಲ್ಲಿ ಎರಡು ವರ್ಷ ಲೆಕ್ಕಶಾಸ್ತ್ರ ಓದಿದೆ. ನನ್ನ ಸಂಜೆಯ ತರಗತಿಯಲ್ಲಿ ಎಡಕ್ಕೆ ಲಾರಿ ಓಡಿಸುವ ಐವತ್ತರ ಆಸುಪಾಸಿನ ಹಿರಿಯರು, ಬಲಕ್ಕೆ ಆಸ್ಪತ್ರೆಯ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬರುತ್ತಿದ್ದ ಮೂರು ಮಕ್ಕಳ ತಾಯಿ, ಮುಂದಿನ ಸಾಲಿನಲ್ಲಿ ಇನ್ನೂ ಪ್ರೌಢಶಾಲೆ ಮುಗಿಸದೆ ಇಲ್ಲಿಯೂ ಪಾಠ ಕೇಳುತ್ತಿದ್ದ ಇಬ್ಬರು ಹುಡುಗರು ಇರುತ್ತಿದ್ದರು. ‘ಈ ವಯಸ್ಸಿನಲ್ಲಿ ಓದೇ?’ ಎಂದು ಅಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ. ಬೀದರಿಗೆ ಫೋನು ಮಾಡಿದಾಗ ಮಾತ್ರ ಆ ಪ್ರಶ್ನೆ ತಪ್ಪುತ್ತಿರಲಿಲ್ಲ.

ಈ ಕಾಲೇಜುಗಳ ಮುಖ್ಯ ಗುಣವೆಂದರೆ ಹಳೆಯ ಅಂಕಗಳನ್ನು ಹಿಡಿದು ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳಿಸದಿರುವುದು. ಸೇರುವಾಗ ಗಣಿತ ಮತ್ತು ಇಂಗ್ಲಿಷಿನ ಒಂದು ಪರೀಕ್ಷೆ ನಡೆಸಿದರು. ಅದು ನಪಾಸು ಮಾಡಲಿಕ್ಕಲ್ಲ, ಎಲ್ಲಿಂದ ಆರಂಭಿಸಬೇಕೆಂದು ಗೊತ್ತುಮಾಡಲಿಕ್ಕೆ. ಸುಮಾರು 60 ಕ್ರೆಡಿಟ್ ಪೂರೈಸಿದರೆ ಎರಡು ವರ್ಷದ ಅಸೋಸಿಯೇಟ್ ಪದವಿ ಸಿಗುತ್ತದೆ; ಬಳಿಕ ವಿಶ್ವವಿದ್ಯಾಲಯವೊಂದರ ಮೂರನೆಯ ವರ್ಷಕ್ಕೆ ಸೇರಬಹುದು. ಆ ಘಟ್ಟದಲ್ಲಿ ಎಚ್ಚರ ಬೇಕು. ನಾನು ಸೇರಿದ ವಿಶ್ವವಿದ್ಯಾಲಯ ನನ್ನ ಎರಡು ವಿಷಯಗಳನ್ನು ಮಾನ್ಯಮಾಡಲಿಲ್ಲ, ಅವುಗಳನ್ನು ಮತ್ತೆ ಹಣ ಕಟ್ಟಿ ಓದಬೇಕಾಯಿತು. ಧಾರಾವಾಹಿಯಲ್ಲಿ ಕಾಣದ ಸಂಗತಿ ಇನ್ನೊಂದಿದೆ. ಹಾಸ್ಟೆಲ್ ಇಲ್ಲದ್ದರಿಂದ ಪಾಠ ಮುಗಿದ ಕೂಡಲೇ ಎಲ್ಲರೂ ಕಾರು ಹತ್ತಿ ಕೆಲಸಕ್ಕೋ ಮನೆಗೋ ಓಡುತ್ತಾರೆ; ಶರ್ಲಿಯ ಗುಂಪಿನಂತೆ ಗಂಟೆಗಟ್ಟಲೆ ಮೇಜಿನ ಸುತ್ತ ಕೂರುವ ಬಿಡುವು ನಮಗೆ ಪರೀಕ್ಷೆಯ ಹಿಂದಿನ ವಾರ ಮಾತ್ರ ಸಿಕ್ಕಿತ್ತು. ಆ ವಾರದ ಗೆಳೆತನ ಇವತ್ತಿಗೂ ಉಳಿದಿದೆ.

ಯಾದಗಿರಿ ಹುಡುಗ

ಆ ಮೇಜೂ ಪೂರ್ತಿ ಕಲ್ಪನೆಯಲ್ಲ. ಧಾರಾವಾಹಿಯ ಕರ್ತೃ ಡ್ಯಾನ್ ಹಾರ್ಮನ್ ಮೂವತ್ತು ದಾಟಿದ ಮೇಲೆ ಲಾಸ್ ಏಂಜಲಿಸ್ ಸಮೀಪದ ಗ್ಲೆಂಡೇಲ್ ಸಮುದಾಯ ಕಾಲೇಜಿಗೆ ಸೇರಿ, ಅಲ್ಲಿನ ಓದುಗುಂಪಿನಲ್ಲಿ ತನಗೆ ಯಾವ ಹೋಲಿಕೆಯೂ ಇಲ್ಲದವರನ್ನು ಹಚ್ಚಿಕೊಂಡ ಅನುಭವದಿಂದಲೇ ಗ್ರೀನ್‌ಡೇಲ್ ಕಾಲೇಜನ್ನು ಕಟ್ಟಿದರು. ಕಾಲೇಜಿಡೀ ಬಣ್ಣದ ಗುಂಡುಗಳ ಯುದ್ಧಭೂಮಿಯಾಗುವಂಥ ಸಂಚಿಕೆಗಳು ಮಾತ್ರ ಸಿನಿಮಾ ಪ್ರಕಾರಗಳ ಮೇಲಿನ ಪ್ರೀತಿಯಿಂದ ಹುಟ್ಟಿದವು. ಒಂದು ಲೋಪವನ್ನು ಗಮನಿಸಬೇಕು: ಜೆಫ್ ನಾಲ್ಕು ವರ್ಷದ ಪದವಿಯನ್ನು ಪೂರ್ತಿಯಾಗಿ ಗ್ರೀನ್‌ಡೇಲಿನಲ್ಲೇ ಮುಗಿಸುತ್ತಾನೆ, ಆದರೆ ಇಂಥ ಬಹುಪಾಲು ಕಾಲೇಜುಗಳ ಓದು ಎರಡು ವರ್ಷದ್ದೇ.

ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಕಲಬುರಗಿ

ತಂಗಿ, ಇಲಿನಾಯ್ ರಾಜ್ಯದಲ್ಲೇ 1901ರಲ್ಲಿ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜು ಈ ಪದ್ಧತಿಯ ಮೊದಲ ಸರ್ಕಾರಿ ಕಾಲೇಜು. ಹೆಸರಿನಲ್ಲಿ ಹೋಲಿಕೆಯಿದ್ದರೂ ನಮ್ಮ ಜೂನಿಯರ್ ಕಾಲೇಜಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಪಾಲಿಟೆಕ್ನಿಕ್ ಎಂದು ನಾನು ತಿಳಿದಿದ್ದೇನೆ. ಎಸ್‌ಎಸ್‌ಎಲ್‌ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ನಿಮ್ಮ ಮಗನಿಗೆ ಈ ದಾರಿಯನ್ನು ಹೇಳಿಡಿ. ಆದರೆ ಮೂವತ್ತು ವರ್ಷ ಪಾಠ ಮಾಡಿದ ನಾನು ನನ್ನ ತರಗತಿಯಲ್ಲಿ ನಿಮ್ಮಂಥ ತಾಯಿಯೊಬ್ಬರನ್ನು ಒಮ್ಮೆಯೂ ಕಾಣಲಿಲ್ಲ. ಆ ಕೊರತೆ ನನ್ನನ್ನು ಈಗಲೂ ನೋಯಿಸುತ್ತದೆ.

ನಿಮಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಬಾಗಿಲು ತೆರೆದಿದೆ. ಅದರ ಪ್ರಾದೇಶಿಕ ಕೇಂದ್ರ ನಮ್ಮ ಊರಿನಲ್ಲೇ ಇದೆ, ಪಿಯುಸಿ ಪಾಸಾದವರು ಬಿ.ಎ., ಬಿ.ಕಾಂ. ಓದಬಹುದು. ಅಂಕಪಟ್ಟಿಯನ್ನು ಹುಡುಕಿ ತೆಗೆದಿಡಿ.

ರೊಟ್ಟಿಮನೆ, ಕಲಬುರಗಿ

ಅಣ್ಣಾವರೇ, ಅಂಕಪಟ್ಟಿ ತವರುಮನೆಯ ಟ್ರಂಕಿನಲ್ಲಿದೆ. ಭಾನುವಾರ ಆಳಂದಕ್ಕೆ ಹೋಗಿ ತರುತ್ತೇನೆ. ಬಿ.ಕಾಂ. ಓದಿದರೆ ಅಂಗಡಿಯವರ ಉದ್ರಿ ಲೆಕ್ಕವನ್ನು ನಾನೇ ಸರಿಯಾಗಿ ಇಡಬಹುದೆಂಬ ಆಸೆಯಿದೆ. ನಮ್ಮ ರೊಟ್ಟಿ ಬಡಿಯುವವರಲ್ಲಿ ಪಿಯುಸಿ ಮುಗಿಸಿದವಳು ಇನ್ನೊಬ್ಬಳಿದ್ದಾಳೆ. ಅವಳನ್ನೂ ಜೊತೆಗೆ ಸೇರಿಸಲು ಕೇಳುತ್ತೇನೆ.