ಡಯಾಂಚ ಉತ್ತು ನಾಟಿ ಮಾಡಿದ್ಮೇಲೆ ಭತ್ತ ಹಳದಿ ತಿರುಗ್ತಿದೆ, ಏನ್ಮಾಡೋದು?

ಪ್ರಶ್ನೆ: ಮೇಡಂ ನಮಸ್ಕಾರ, ನಮ್ದು ಮಂಡ್ಯ ಹತ್ರ ಒಂದೂವರೆ ಎಕರೆ ನಾಲೆ ಗದ್ದೆ. ಯೂರಿಯಾ ಉಳಿಯುತ್ತೆ ಅಂತ ಈ ಸಲ ಹಸಿರೆಲೆ ಗೊಬ್ಬರಕ್ಕೆ ಡಯಾಂಚ ಚೆಲ್ಲಿದ್ದೆ, ನಾಲೆ ನೀರು ಬರೋದು ತಡ ಆಗಿ 70 ದಿನ ನಿಂತೋಯ್ತು, ಆಳೆತ್ತರ ಬೆಳೆದಿತ್ತು, ರೋಟವೇಟರ್ ಹೊಡ್ಸಿ ನಾಲ್ಕನೇ ದಿನಕ್ಕೆ ನಾಟಿ ಹಾಕಿಸ್ಬಿಟ್ಟೆ. ಈಗ 15 ದಿನ ಆಗಿದೆ, ಪೈರು ಹಳದಿ, ಮೇಲೇಳ್ತಾನೇ ಇಲ್ಲ. ಪಕ್ಕದ ಗದ್ದೆ ಹಸಿರಾಗಿದೆ. ಗೊಬ್ಬರ ಹಾಕಿ ಭೂಮಿ ಕೆಡಿಸ್ಕೊಂಡ್ನಾ?

ಉತ್ತರ: ಭೂಮಿ ಏನೂ ಕೆಟ್ಟಿಲ್ಲ ಅಣ್ಣ, ಡಯಾಂಚದ ವಯಸ್ಸು ಕೈ ಕೊಟ್ಟಿದೆ ಅಷ್ಟೆ. 45 ದಿನದ ಆಸುಪಾಸು, ಹೂವು ಕಾಣೋ ಹೊತ್ತಿಗೆ ಕಾಂಡ ಬಗ್ಗಿಸಿದ್ರೆ ಪಟ್ ಅಂತ ಮುರಿಯುತ್ತೆ, ಆಗ ಉತ್ರೆ ಬೇಗ ಕೊಳೆಯುತ್ತೆ. 70 ದಿನಕ್ಕೆ ಅದು ಸೌದೆ. ಸೌದೆ ಕೊಳೆಸೋ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕಲ್ವಾ, ಸೊಪ್ಪಲ್ಲಿರೋದು ಸಾಲ್ದೆ ಮಣ್ಣಲ್ಲಿರೋದನ್ನೂ ಎಳ್ಕೊಳ್ತವೆ, ಪೈರು ಉಪವಾಸ. ಮೇಲೆ ನಾಲ್ಕೇ ದಿನಕ್ಕೆ ನಾಟಿ, ನಿಂತ ನೀರು, ಸೊಪ್ಪು ಗಾಳಿ ಇಲ್ದೆ ಕೊಳೀತಾ ಇರುತ್ತೆ. ಒಂದು ಗುಣಿ ಪೈರು ಕಿತ್ತು ಬೇರು ತೊಳ್ದು ನೋಡಿ, ಕಪ್ಪಗಿದ್ದು ಕೊಳೆತ ಮೊಟ್ಟೆ ವಾಸನೆ ಬಂದ್ರೆ ಇದೇ ಕಾರಣ. ಎಲೆ ಮೇಲೆ ತುಕ್ಕು ಹಿಡಿದಂಗೆ ಚುಕ್ಕೆ ಇದ್ರೆ ಮಾತ್ರ ಫೋಟೋ ಹಾಕಿ, ಅದು ಸತುವಿನ ಕೊರತೆ ಇರ್ಬೋದು.

ನೀರು ಪೂರ್ತಿ ಬಸಿದು ಎರಡು ಮೂರು ದಿನ ಗಾಳಿ ಆಡೋಕೆ ಬಿಡಿ, ಹೊಸ ಬಿಳಿ ಬೇರು ಕಾಣಿಸಿದ್ಮೇಲೆ ಎಕರೆಗೆ 15 ಕೆಜಿ ಯೂರಿಯಾ ಎರಚಿ ತೆಳ್ಳಗೆ ನೀರು ಕಟ್ಟಿ. ಯೂರಿಯಾ ಉಳ್ಸೋಕೆ ಹೋದವ್ರಿಗೆ ಯೂರಿಯಾ ಹಾಕಿ ಅಂತಿದೀನಿ, ನಗು ಬರುತ್ತೆ, ಆದ್ರೆ ಇವಾಗ ಅದೇ ದಾರಿ.

ಪ್ರಶ್ನೆ: ಸರಿಯಾದ ಟೈಮಿಗೆ ಉತ್ತಿದ್ರೆ ಎಷ್ಟು ಸಿಗ್ತಿತ್ತು?

ಉತ್ತರ: ಚೆನ್ನಾಗ್ ಬಂದಿದ್ರೆ ಎಕರೆಗೆ 6-8 ಟನ್ ಹಸಿ ಸೊಪ್ಪು, ಅದ್ರಲ್ಲಿ ಹತ್ತಿರತ್ರ 25-30 ಕೆಜಿ ಸಾರಜನಕ. 45 ಕೆಜಿ ಯೂರಿಯಾ ಮೂಟೇಲಿ ಇರೋದು ಸುಮಾರು 21 ಕೆಜಿ, ಲೆಕ್ಕ ನೀವೇ ಹಾಕಿ. ಅಷ್ಟೂ ಇದೇ ಬೆಳೆಗೆ ಸಿಗಲ್ಲ, ಒಂದಷ್ಟು ಮಣ್ಣಲ್ಲೇ ಉಳಿಯುತ್ತೆ. ಮುಂದಿನ ಸಲ ಗಿಡ ಹುಷಾರಾಗಿ ಕಿತ್ತು ಬೇರಿನ ಗಂಟು ಉಗುರಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ರೆ ಗಾಳಿಯ ಸಾರಜನಕ ಹಿಡೀತಾ ಇದೆ, ಬಿಳುಪೋ ಹಸಿರೋ ಇದ್ರೆ ಕೆಲಸ ನಡೀತಿಲ್ಲ ಅಂತ. ಒಂದೇ ವರ್ಷಕ್ಕೆ ಸಾವಯವ ಇಂಗಾಲ ಏರ್ಬಿಡುತ್ತೆ ಅಂತ ಮಾತ್ರ ನಂಬ್ಬೇಡಿ, ಎಳೇ ಸೊಪ್ಪು ಬೇಗ ಕರಗೋಗುತ್ತೆ. ವರ್ಷಾವರ್ಷ ಹಾಕ್ತಾ ಇದ್ರೆ ಮಣ್ಣು ಪುಡಿಪುಡಿ ಆಗೋದು ನೇಗಿಲಿಗೇ ಗೊತ್ತಾಗುತ್ತೆ.

ಪ್ರಶ್ನೆ (ತುಮಕೂರು ಕಡೆಯಿಂದ): ನಮ್ದು ಕೆಂಪುಮಣ್ಣು, ಮಳೆ ಆಶ್ರಯದ ರಾಗಿ. ನಾವೂ ಡಯಾಂಚ ಹಾಕ್ಬೋದಾ ಮೇಡಂ?

ಉತ್ತರ: ಡಯಾಂಚ ನೀರು ನಿಲ್ಲೋ ಕಡೆಗೆ, ಚೌಳು ಇರೋ ಕಡೆಗೆ ಸರಿ. ನಿಮ್ಗೆ ಸೆಣಬು (ಅಪ್ಸೆಣಬು, ಗೋಣಿಚೀಲದ್ದಲ್ಲ) ವಾಸಿ, ಬೇರುಗಂಟು ರೋಗ ತರೋ ಜಂತುಹುಳನೂ ಕಮ್ಮಿ ಮಾಡುತ್ತೆ. ಮುಂಗಾರು ಪೂರ್ವ ಮಳೆಗೆ ಚೆಲ್ಲಿ, ರಾಗಿ ಬಿತ್ತೋಕೆ ಎರಡು ಮೂರು ವಾರ ಮುಂಚೆ ಮಣ್ಣು ಹಸಿ ಇರುವಾಗ್ಲೇ ಉಳಬೇಕು, ಒಣಗಿದ ಮಣ್ಣಿಗೆ ಸೇರಿಸಿದ್ರೆ ಕೊಳೆಯೋದೇ ಇಲ್ಲ. ಆ ಮಳೆ ಬರೋದೇ ಡೌಟು ಅನ್ನೋ ವರ್ಷ ರಿಸ್ಕ್ ಬೇಡ, ಇರೋ ತೇವಾನೂ ಸೆಣಬು ಕುಡ್ದುಬಿಡುತ್ತೆ. ಬದುವಿನ ಮೇಲೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ನೆಟ್ಕೊಂಡಿದ್ರೆ ಸೊಪ್ಪು ಕಡ್ದು ತಂದು ಹಾಕ್ಬೋದು, ಹೊಲದ ತೇವ ಹೊಲದಲ್ಲೇ ಇರುತ್ತೆ.

ಮೊದಲನೆಯವರು: ಮೇಡಂ ಕಿತ್ತು ನೋಡ್ದೆ, ಬೇರು ಕಪ್ಪಗೇ ಇದೆ, ಚುಕ್ಕೆ ಇಲ್ಲ, ವಾಸನೆ ಅಂತೂ ಕೇಳ್ಬೇಡಿ. ತೂಬು ತೆಗ್ದಿದೀನಿ, ಕೆಳಗಿನ ಗದ್ದೆಯವ್ನು ಬೈತಾವ್ನೆ.

ಉತ್ತರ: ಅವ್ರಿಗೂ ಹೇಳ್ಬಿಟ್ಟು ಬಸೀರಿ. ಮೂರು ದಿನ ಬಿಟ್ಟು ಇನ್ನೊಂದು ಗುಣಿ ಕಿತ್ತು ಫೋಟೋ ಹಾಕಿ, ಅಲ್ಲೀವರ್ಗೂ ಯೂರಿಯಾ ಮೂಟೆ ಬಿಚ್ಬೇಡಿ.